ಬಾಳೆಹಣ್ಣಿಲ್ಲದೆ ಗಟ್ಟಿ ಸ್ಮೂದಿ: ಬೂದುಗುಂಬಳದ ಹಿಪ್ಪೆ ಕೈ ಹಿಡಿದ ಬಗೆ

ಬಾಳೆಹಣ್ಣು, ಐಸ್‌ಕ್ರೀಮ್, ಸಕ್ಕರೆ ಮೂರೂ ಇಲ್ಲದೆ ಸ್ಮೂದಿ ಗಟ್ಟಿಯಾಗುವುದೇ ಇಲ್ಲ ಎಂದು ಮೈಸೂರಿನಲ್ಲಿ ನನಗೆ ಪರಿಚಯವಿರುವ ಜ್ಯೂಸ್ ಅಂಗಡಿಯವರೆಲ್ಲ ಹೇಳಿದ್ದರು. ಈಗ ನನ್ನ ಅಂಗಡಿಯಲ್ಲಿ ಈ ಮೂರೂ ಇಲ್ಲದ ಲೋಟ ದಿನಕ್ಕೆ 25-30 ಹೋಗುತ್ತದೆ, ಭಾನುವಾರ 40ರ ಹತ್ತಿರ. ಸ್ಟ್ರಾ ನೆಟ್ಟಗೆ ನಿಲ್ಲುತ್ತದೆ. 300 ಎಂ.ಎಲ್. ಲೋಟಕ್ಕೆ ಹೆಚ್ಚೆಂದರೆ 120 ಕ್ಯಾಲರಿ. "ಹೇಗೆ ಮಾಡ್ತೀರಣ್ಣ?" ಎಂದು ಅವರೇ ಫೋನ್ ಮಾಡಿ ಕೇಳುವುದು ಹೆಚ್ಚಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಲೋಟದ ಲೆಕ್ಕ ನಿಮಗೂ ಗೊತ್ತು. ಎರಡು ಏಲಕ್ಕಿ ಬಾಳೆಗೆ 100 ಕ್ಯಾಲರಿ, ಗಟ್ಟಿ ಹಾಲಿಗೆ ಇನ್ನೊಂದು 100, ಒಂದು ಸ್ಕೂಪ್ ಐಸ್‌ಕ್ರೀಮಿಗೆ 110-120, ನಾಲ್ಕು ಚಮಚ ಸಕ್ಕರೆಗೆ 80. ಒಟ್ಟು 390-400 ಆಯಿತು. ಕುಕ್ಕರಹಳ್ಳಿ ಕೆರೆ ಸುತ್ತಿ ಬಂದವರು ಅದನ್ನು ಕುಡಿದರೆ ನಡೆದದ್ದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ಬೆಳಿಗ್ಗೆ ಬರುವ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಶುಗರ್ ಇದೆ. ಅವರು ಬಾಳೆಹಣ್ಣು ಬೇಡ ಎಂದಾಗ ಪಪ್ಪಾಯಿಯನ್ನು ಐಸಿನ ಜೊತೆ ರುಬ್ಬಿ ಕೊಡುತ್ತಿದ್ದೆವು. ಐದು ನಿಮಿಷಕ್ಕೆ ಕೆಳಗೆ ನೀರು, ಮೇಲೆ ನೊರೆ. ಅದಕ್ಕೆ 70 ರೂಪಾಯಿ ತೆಗೆದುಕೊಳ್ಳಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಬಾಳೆಹಣ್ಣಿನ ಬದಲು ಗಟ್ಟಿ ಮಾಡಲು ಎಲ್ಲರೂ ಮೊದಲು ಹೇಳುವುದು ಕಾಮಕಸ್ತೂರಿ ಬೀಜ. ಅದರ ಲೋಳೆ ಬೀಜಕ್ಕೇ ಅಂಟಿಕೊಂಡು ನಿಲ್ಲುತ್ತದೆ, ಸುತ್ತಲಿನ ರಸವನ್ನು ಗಟ್ಟಿ ಮಾಡುವುದಿಲ್ಲ. ಫಲೂದಾಕ್ಕೆ ಸರಿ, ಸ್ಮೂದಿಗೆ ಸರಿಯಲ್ಲ. ಚಿಯಾ ಪರವಾಗಿಲ್ಲ. ಎಚ್.ಡಿ. ಕೋಟೆ ಕಡೆ ಬೆಳೆಯಲು ಶುರುಮಾಡಿದ ಮೇಲೆ ನಮಗೆ ಹತ್ತಿರದಲ್ಲೇ ಸಿಗುತ್ತದೆ. ಪುಡಿ ಮಾಡಿ ಹಾಕಿದರೆ ಹತ್ತು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ಕಲ್ಲಂಗಡಿ, ಪಪ್ಪಾಯಿಯ ಬಣ್ಣವೆಲ್ಲ ಬೂದಿಯಾಗುತ್ತದೆ. ಚಿಯಾ ಎಂದರೆ ಕ್ಯಾಲರಿಯೇ ಇಲ್ಲ ಎಂದು ಜನ ತಿಳಿದಿದ್ದಾರೆ. ಒಂದು ದೊಡ್ಡ ಚಮಚದಲ್ಲಿ 55-60 ಕ್ಯಾಲರಿ ಇದೆ. ಎರಡು ಚಮಚ ಹಾಕಿದರೆ ಬಾಳೆಹಣ್ಣು ತೆಗೆದು ಏನು ಬಂತು?

ಓಟ್ಸ್ ಕಥೆಯೂ ಅದೇ. 30 ಗ್ರಾಂ ಓಟ್ಸ್‌ಗೆ 115 ಕ್ಯಾಲರಿ. ಹಸಿಯಾಗಿ ಹಾಕಿದರೆ ಹಿಟ್ಟಿನ ವಾಸನೆ, ನೆನೆಸಿಟ್ಟರೆ ಗಂಜಿ ಕುಡಿದ ಹಾಗೆ. ತಿಂಡಿಯ ಬದಲು ಕುಡಿಯುವವರಿಗೆ ಅದು ಬೇರೆ ಲೋಟ, ಅದನ್ನು ಕಡಿಮೆ ಕ್ಯಾಲರಿ ಎಂದು ಮಾರುವುದು ನ್ಯಾಯವಲ್ಲ.

ಅತಿ ಹೆಚ್ಚು ದುಡ್ಡು, ಹೆಸರು ಎರಡೂ ಹೋಗಿದ್ದು ಮಲಬದ್ಧತೆಗೆ ಕುಡಿಯುವ ಇಸಬಗೋಲಿನಲ್ಲಿ. ಗುಜರಾತಿನ ಊಂಝಾ ಮಂಡಿಯಿಂದ ಬಂದ ಒಳ್ಳೆಯ ಹೊಟ್ಟನ್ನೇ ಎರಡು ಕಿಲೋ ತರಿಸಿದ್ದೆ. ಅಂಗಡಿಯಲ್ಲಿ ಕುಡಿದವರಿಗೆ ಅದ್ಭುತ ಅನ್ನಿಸಿತು, ಅರ್ಧ ಚಮಚಕ್ಕೇ ರೇಷ್ಮೆಯಂಥ ಹದ. ಆದರೆ ಅದು ನಿಲ್ಲುವುದೇ ಇಲ್ಲ, ಗಟ್ಟಿಯಾಗುತ್ತಲೇ ಹೋಗುತ್ತದೆ. ಪಾರ್ಸೆಲ್ ಮನೆ ತಲುಪುವ ಅರ್ಧ ಗಂಟೆಯಲ್ಲಿ ಲೋಟ ತಲೆಕೆಳಗು ಮಾಡಿದರೂ ಬೀಳದಷ್ಟು ಹಿಡಿದುಕೊಂಡಿರುತ್ತಿತ್ತು. ಜೊತೆಗೆ ಹೊಟ್ಟೆಯ ಕೆಲಸ ಬೇರೆ. ಕಾಲೇಜು ಹುಡುಗರ ಗುಂಪೊಂದು ಎರಡೆರಡು ಲೋಟ ಕುಡಿದು ಹೋಗಿ ಮಾರನೆಯ ದಿನ ಬಂದು ಜಗಳ ಮಾಡಿತು. ಒಂದೇ ವಾರದಲ್ಲಿ ನಾಲ್ಕೈದು ಸಾವಿರದ ವ್ಯಾಪಾರ ಹೋಯಿತು. ಉಳಿದ ಇಸಬಗೋಲು ಅಕ್ಕಪಕ್ಕದ ಮನೆಗಳಿಗೆ ಹಂಚಿ ಮುಗಿಸಿದೆ.

ಆಮೇಲೆ ಗಮ್‌ಗಳ, ಅಂದರೆ ಗಟ್ಟಿ ಮಾಡುವ ಅಂಟು ಪುಡಿಗಳ ಸರದಿ. ಗ್ವಾರ್ ಗಮ್ ಅಂದರೆ ನಮ್ಮ ಗೋರಿಕಾಯಿ ಬೀಜದ ಪುಡಿ. ಅಗ್ಗ, ತಣ್ಣೀರಿನಲ್ಲೇ ಹಿಡಿಯುತ್ತದೆ, ಆದರೆ ಹಸಿ ಕಾಳಿನ ವಾಸನೆ ಹಣ್ಣನ್ನು ಮೀರಿ ಬರುತ್ತದೆ. ಕ್ಸಾಂಥನ್ ಗಮ್ ವಾಸನೆ ಇಲ್ಲದ್ದು, ಹುಳಿಗೂ ಜಗ್ಗುವುದಿಲ್ಲ. ಲೋಟದಲ್ಲಿ ಗಟ್ಟಿ ಕಂಡರೂ ಸ್ಟ್ರಾದಲ್ಲಿ ಎಳೆದರೆ ಸಲೀಸಾಗಿ ಬರುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಅದೊಂದನ್ನೇ ನಂಬಿ ಗಟ್ಟಿ ಮಾಡಹೊರಟರೆ ಮೂಗಿನ ಸಿಂಬಳದ ಹದ ಬರುತ್ತದೆ. ಬೇರೆ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಬಾಯಿಗೆ ತುಂಬಿದಂತೆ ಅನ್ನಿಸಲು ತಿರುಳು ಬೇಕು, ನೀರು ಬಿಡದಂತೆ ಹಿಡಿಯಲು ಗಮ್ ಬೇಕು. ಎರಡೂ ಕೆಲಸವನ್ನು ಒಂದೇ ವಸ್ತುವಿನಿಂದ ಮಾಡಿಸಲು ಹೋದಾಗಲೆಲ್ಲ ಕೆಟ್ಟಿದೆ. ಬಾಳೆಹಣ್ಣು ಎರಡನ್ನೂ ಮಾಡುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹಾಕುವುದು.

ತಿರುಳು ಸಿಕ್ಕಿದ್ದು ನನ್ನ ಅಂಗಡಿಯ ಕಸದ ಡಬ್ಬದಲ್ಲೇ. ಬೆಳಿಗ್ಗೆ ಆರರಿಂದ ಬೂದುಗುಂಬಳದ ಜ್ಯೂಸ್ ಮಾರುತ್ತೇವೆ. ಹತ್ತು ಕಿಲೋ ಕಾಯಿ ಹೆಚ್ಚಿ ಹಿಂಡಿದರೆ ಐದು ಲೀಟರಿನಷ್ಟು ರಸ, ಎರಡು ಕಿಲೋ ಹಿಪ್ಪೆ. ಆ ಹಿಪ್ಪೆಯನ್ನು ಹಸುಗಳಿಗೆ ಕೊಡುತ್ತಿದ್ದೆವು. ಕಾಶಿ ಹಲ್ವಕ್ಕೆ ತುರಿದು ಹಿಂಡಿದ ಬೂದುಗುಂಬಳವನ್ನೇ ಬೇಯಿಸುತ್ತಾರಲ್ಲ, ಅದೇ ವಸ್ತು ದಿನಾ ಆಚೆ ಹೋಗುತ್ತಿತ್ತು. ಇಡೀ ಕಾಯಿಗೇ 100 ಗ್ರಾಂಗೆ 13-14 ಕ್ಯಾಲರಿ. ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ನಮಗೆ ಬೇಕಾದ್ದೂ ಅದೇ. "ಕುಂಬಳಕಾಯಿ ಹಾಕಿದ ಸ್ಮೂದಿ ಯಾರು ಸ್ವಾಮಿ ಕುಡೀತಾರೆ?" ಎಂದು ಪಕ್ಕದ ಬೀದಿಯ ಅಂಗಡಿಯವರು ಕೇಳಿದ್ದರು. ಅವರಿಗೆ ಹೇಳದೆ ಒಂದು ಲೋಟ ಕೊಟ್ಟೆ. ಬಾಳೆಹಣ್ಣು ಎಷ್ಟು ಹಾಕಿದ್ದೀರಿ ಎಂದು ಕೇಳಿದರು.

ಹಸಿ ಹಿಪ್ಪೆ ಹಾಕಿದರೆ ನಾರು ನಾಲಿಗೆಗೆ ಸಿಕ್ಕುತ್ತದೆ. ಕುಕ್ಕರಿನಲ್ಲಿ ಒಂದು ಲೋಟ ನೀರು ಹಾಕಿ ಮೂರು ಕೂಗು. ಬಿಸಿ ಇರುವಾಗಲೇ ರುಬ್ಬಬೇಕು, ಆರಿದ ಮೇಲೆ ಅಷ್ಟು ನುಣ್ಣಗೆ ಆಗುವುದಿಲ್ಲ. ಆಮೇಲೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡುವುದು. ದೊಡ್ಡ ಡಬ್ಬದಲ್ಲಿ ಹೆಪ್ಪುಗಟ್ಟಿಸಿ ಕುಟ್ಟಿ ತೆಗೆದರೆ ಐಸಿನ ಹರಳು ದಪ್ಪಗಾಗಿ ಬಾಯಿಗೆ ಮರಳಿನಂತೆ ಸಿಗುತ್ತದೆ. ಕರೆಂಟ್ ಹೋಗಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಲೇಬೇಡಿ, ಸಾಂಬಾರಿಗೆ ಹಾಕಿಬಿಡಿ.

ಒಂದು ಲೋಟಕ್ಕೆ ಹೆಪ್ಪುಗಟ್ಟಿದ ಹಣ್ಣು 130 ಗ್ರಾಂ, ಟ್ರೇಯಲ್ಲಿ ಹೆಪ್ಪುಗಟ್ಟಿದ ಕುಂಬಳದ ಹಿಪ್ಪೆ 80 ಗ್ರಾಂ, ಕೆನೆ ತೆಗೆದ ಹಾಲಿನ ಮೊಸರು 60 ಗ್ರಾಂ, ನೀರು ಸ್ವಲ್ಪ, ಒಂದು ಸಣ್ಣ ಖರ್ಜೂರ. ಕ್ಸಾಂಥನ್ ಲೋಟಕ್ಕೆ 0.3 ಗ್ರಾಂ ಸಾಕು, ಅಂದರೆ ಸಾವಿರಕ್ಕೆ ಒಂದು ಪಾಲು. ಅಷ್ಟನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ. ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ, ಆ ಗಂಟು ಮಿಕ್ಸಿಗೂ ಒಡೆಯುವುದಿಲ್ಲ. ಅದನ್ನು ಇನ್ನೊಂದು ಒಣ ಪುಡಿಯ ಜೊತೆ ಬೆರೆಸಿಟ್ಟುಕೊಂಡು ಚಮಚದ ಲೆಕ್ಕದಲ್ಲಿ ಹಾಕುತ್ತೇನೆ. ಯಾವ ಪುಡಿ, ಎಷ್ಟಕ್ಕೆ ಎಷ್ಟು ಎನ್ನುವುದು ನನ್ನ ಹತ್ತಿರವೇ ಇರಲಿ. ಗಮ್ ಕೊನೆಗೆ ಹಾಕಿ ಐದಾರು ಸೆಕೆಂಡು ಮಾತ್ರ ತಿರುಗಿಸಿ. ಮೊದಲೇ ಹಾಕಿ ಜೋರಾಗಿ ತಿರುಗಿಸಿದರೆ ಗಾಳಿ ಸಿಕ್ಕಿಕೊಂಡು ನೊರೆ ಇಳಿಯುವುದೇ ಇಲ್ಲ, ಲೋಟ ತುಂಬಿದಂತೆ ಕಂಡರೂ ತೂಕ ಇರುವುದಿಲ್ಲ. ನಾನು ಇಂದಿಗೂ ವಾರಕ್ಕೊಮ್ಮೆ ಲೋಟ ತೂಗಿ ನೋಡುತ್ತೇನೆ.

ಕ್ಸಾಂಥನ್ ಕೆಮಿಕಲ್ ಅಲ್ಲವಾ ಎಂದು ಕೇಳುವವರು ಬಹಳ. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಹುಟ್ಟುವ ಅಂಟು ಅದು. ಅಮೆರಿಕದಲ್ಲಿ 1969ರಲ್ಲೇ ಆಹಾರಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಮನೆಯ ಸಾಸ್ ಬಾಟಲಿಯ ಹಿಂದೆ ಐಎನ್‌ಎಸ್ 415 ಎಂಬ ಸಂಕೇತ ಸಂಖ್ಯೆ ಇದೆಯೇ ನೋಡಿ, ಅದೇ ಇದು. ಬೇಡ ಎಂದವರಿಗೆ ಹಾಕದೆ ಕೊಡುತ್ತೇನೆ, ಹತ್ತು ನಿಮಿಷದೊಳಗೆ ಕುಡಿದುಬಿಡಿ ಎಂದು ಹೇಳಿ. ಕೊಳ್ಳುವಾಗ ಮಾತ್ರ ಫುಡ್ ಗ್ರೇಡ್ ಎಂದು ಬರೆದಿರುವುದನ್ನೇ ಕೊಳ್ಳಿ.

ಹಣ್ಣಿಗೆ ತಕ್ಕ ಹಾಗೆ ಬದಲಾವಣೆ ಬೇಕು. ಪಪ್ಪಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮೊಸರನ್ನು ಮುರಿದು ಕಹಿ ಮಾಡುತ್ತದೆ. ದೋರೆಗಾಯಿಯಾದರೆ ಅರ್ಧ ಗಂಟೆಗೇ ಕಹಿ. ಪೂರ್ತಿ ಮಾಗಿದ್ದರಲ್ಲಿ ಆ ಕಾಟ ಕಡಿಮೆ, ಫ್ರೀಜ್ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅನಾನಸ್ ಇನ್ನೂ ಜೋರು, ಆ ಲೋಟಕ್ಕೆ ನಾನು ಮೊಸರನ್ನೇ ಹಾಕುವುದಿಲ್ಲ, ಕುಂಬಳದ ಪಾಲು 120 ಗ್ರಾಂಗೆ ಏರಿಸುತ್ತೇನೆ. ಸೀಬೆಹಣ್ಣಿಗೆ ಗಮ್ ಬೇಡವೇ ಬೇಡ. ಎರಡು ಕುದಿ ಬರಿಸಿ ರುಬ್ಬಿ ಬೀಜ ಸೋಸಿದರೆ ಅದರಲ್ಲೇ ಇರುವ ಪೆಕ್ಟಿನ್ ಎಂಬ ಅಂಟೇ ಸಾಕು. ಸೀಬೆ ಅಗ್ಗವಾದ ತಿಂಗಳಲ್ಲಿ ನನ್ನ ಅತ್ಯುತ್ತಮ ಲೋಟ ಅದು, ಮೈಸೂರಿನಲ್ಲಿ ಅಂಥ ಲೋಟ ಬೇರೆಲ್ಲೂ ಸಿಗುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬೆಣ್ಣೆಹಣ್ಣು ಎಂಥ ಗಟ್ಟಿ ಕೊಟ್ಟರೂ 100 ಗ್ರಾಂಗೆ 160 ಕ್ಯಾಲರಿ, ಈ ಲೆಕ್ಕಕ್ಕೆ ಬರುವುದಿಲ್ಲ.

ನಡುವೆ ಇನ್ನೂ ಏನೇನೋ ಮಾಡಿ ನೋಡಿದ್ದೇನೆ. ದಾಸವಾಳದ ಎಲೆಯ ಲೋಳೆ ಚೆನ್ನಾಗಿಯೇ ಹಿಡಿಯಿತು, ಆದರೆ ಕುಡಿದ ಹೆಂಗಸರೆಲ್ಲ ತಲೆಗೆ ಹಚ್ಚುವ ವಾಸನೆ ಎಂದರು. ಬಾದಾಮಿ ಗೋಂದು ರಾತ್ರಿ ನೆನೆಸಿದರೆ ಬೆಳಿಗ್ಗೆಗೆ ಪಾತ್ರೆ ತುಂಬ ಉಬ್ಬುತ್ತದೆ, ಆದರೆ ರಸದಲ್ಲಿ ಕರಗದೆ ಚೂರುಚೂರಾಗಿ ತೇಲುತ್ತದೆ. ಮೇಲೆ ಹಾಕಲು ಚೆಂದ. ಕಡಲಕಳೆಯಿಂದ ಮಾಡುವ ಚೈನಾ ಗ್ರಾಸ್ ಮಾತ್ರ ನಿಜಕ್ಕೂ ಕೆಲಸಕ್ಕೆ ಬಂತು. ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಗಟ್ಟಿಯಾದ ಮೇಲೆ ಮಿಕ್ಸಿಗೆ ಹಾಕಿದರೆ ಕ್ರೀಮಿನಂಥ ಹದ ಬರುತ್ತದೆ. ಹುಳಿ ಹಣ್ಣಿನ ಜೊತೆ ಕುದಿಸಬೇಡಿ, ಗಟ್ಟಿಯಾಗುವ ಶಕ್ತಿ ಕುಂದುತ್ತದೆ. ದಿನಾ ಮಾಡಲು ದುಬಾರಿ, ಸ್ಟವ್ ಮುಂದೆ ನಿಲ್ಲಬೇಕು, ಹಾಗಾಗಿ ಬಾಟಲಿ ಆರ್ಡರ್ ಇದ್ದಾಗ ಮಾತ್ರ. ರಾಗಿ ಅಂಬಲಿ ಹಾಕಿದ ಲೋಟ ನನಗೆ ಬಹಳ ಇಷ್ಟ, ಖರ್ಜೂರದ ಜೊತೆ ಅದ್ಭುತ. ಅದನ್ನು ತಿಂಡಿಯ ಪಟ್ಟಿಯಲ್ಲಿ ಬೇರೆಯಾಗಿ ಇಟ್ಟಿದ್ದೇನೆ.

ಇನ್ನು ದುಡ್ಡು. ಹಳೆಯ ಲೋಟಕ್ಕೆ ಸಾಮಾನಿನ ಖರ್ಚು 32 ರೂಪಾಯಿ ಬೀಳುತ್ತಿತ್ತು, ಏಲಕ್ಕಿ ಬಾಳೆ ಕಿಲೋ 90-100 ಮುಟ್ಟಿದಾಗ ಇನ್ನೂ ಹೆಚ್ಚು. ಈಗ 21-22. ಹಿಪ್ಪೆಗೆ ಖರ್ಚಿಲ್ಲ, ಕಾಯಿಯ ದುಡ್ಡು ಬೆಳಗಿನ ಜ್ಯೂಸಿನಲ್ಲೇ ಬಂದಿರುತ್ತದೆ. ಕ್ಸಾಂಥನ್ ನನಗೆ ಕಿಲೋ 900ರ ಆಸುಪಾಸು ಸಿಗುತ್ತದೆ, ಲೋಟಕ್ಕೆ 30 ಪೈಸೆಯೂ ಆಗುವುದಿಲ್ಲ, ಒಂದು ಕಿಲೋ ತಿಂಗಳುಗಟ್ಟಲೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರಿಗೆ 14 ಸಾವಿರ ಕೊಟ್ಟೆ. ಕರೆಂಟ್ ಬಿಲ್ ತಿಂಗಳಿಗೆ 800-900 ಜಾಸ್ತಿಯಾಗಿದೆ. ಫ್ರೀಜರಿನ ದುಡ್ಡು ಮೂರು ತಿಂಗಳೊಳಗೆ ಹುಟ್ಟಿತು. ಬೆಲೆ 70 ಇದ್ದದ್ದು 70ರಲ್ಲೇ ಇಟ್ಟಿದ್ದೇನೆ.

ಸಿಹಿ ಸಾಲದು ಎನ್ನುವವರಿಗೆ ಎರಡನೇ ಖರ್ಜೂರ ಹಾಕುವುದಕ್ಕಿಂತ ಚಿಟಿಕೆ ಉಪ್ಪು ಹಾಕಿ ನೋಡಿ, ಇರುವ ಸಿಹಿಯೇ ಮೇಲೆ ಬರುತ್ತದೆ. ಶುಗರ್ ಇರುವವರಿಗೆ ಖರ್ಜೂರವನ್ನೂ ಬಿಟ್ಟು, ಹಣ್ಣು 90 ಗ್ರಾಂಗೆ ಇಳಿಸಿ ಕುಂಬಳ ಏರಿಸುತ್ತೇನೆ. ಆ ಲೋಟದ ಪರಿಮಳಕ್ಕೆ ಒಂದು ಎಲೆ ಹಾಕುತ್ತೇನೆ, ಅದನ್ನೂ ಇಲ್ಲಿ ಹೇಳುವುದಿಲ್ಲ.

ದಸರಾ ಹತ್ತಿರ ಬಂದಾಗ ಒಂದು ಎಚ್ಚರಿಕೆ ಬೇಕು. ಆಯುಧಪೂಜೆಗೆ ಒಡೆಯಲು ಊರೆಲ್ಲ ಬೂದುಗುಂಬಳ ಕೊಳ್ಳುತ್ತದೆ, ಬಂಡಿಪಾಳ್ಯದ ಎಪಿಎಂಸಿಯಲ್ಲಿ ಕಿಲೋ 20ಕ್ಕೆ ಸಿಗುತ್ತಿದ್ದದ್ದು ಎರಡು ಮೂರು ಪಟ್ಟಾಗುತ್ತದೆ. ನಾನು ಮಹಾಲಯ ಅಮಾವಾಸ್ಯೆಗೆ ಮೊದಲೇ ಒಂದು ಗಾಡಿ ಕಾಯಿ ಇಳಿಸಿಕೊಂಡು, ಹಿಪ್ಪೆ ಬೇಯಿಸಿ ಟ್ರೇಗಟ್ಟಲೆ ಫ್ರೀಜರಿನಲ್ಲಿ ತುಂಬಿಡುತ್ತೇನೆ. ಅದೂ ಮುಗಿದರೆ ಸೋರೆಕಾಯಿ ನಡೆಯುತ್ತದೆ. ಎಳೆಯದನ್ನು ಚೂರು ತಿಂದು ಕಹಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬೇಯಿಸಬೇಕು. ಕಹಿ ಸೋರೆ ಹೊಟ್ಟೆಗೆ ವಿಷ, ಒಂದಿಷ್ಟು ಅನುಮಾನ ಬಂದರೂ ಇಡೀ ಕಾಯಿ ಎಸೆಯಿರಿ.