ಉಪ್ಪಿನಕಾಯಿ ಬಿಡದೆ ಉಪ್ಪು ಇಳಿಸುವುದು ಹೇಗೆ?

ಕಿಡ್ನಿ ತೊಂದರೆ ಇದೆಯೆಂದು ಗೊತ್ತಾದ ಮನೆಗಳಲ್ಲಿ ಸಾರು, ಪಲ್ಯದ ಉಪ್ಪು ತಕ್ಷಣ ಇಳಿಯುತ್ತದೆ. ಸಪ್ಪೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಎಲೆಯ ತುದಿಗೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು ಬಂದು ಕೂರುತ್ತವೆ. ಒಲೆಯ ಮೇಲೆ ಉಳಿಸಿದ್ದು ಅಲ್ಲಿಗೇ ಖರ್ಚಾಯಿತು.

ಮೊದಲು ಅಳತೆ. ದಿನಕ್ಕೆ ಸೋಡಿಯಂ 2 ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಿತಿ. ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ. ಹಾಲು, ಬ್ರೆಡ್ಡಿನಲ್ಲೂ ಸೋಡಿಯಂ ಇರುವುದರಿಂದ, ತಲೆ ಸವರಿದ ಮುಕ್ಕಾಲು ಟೀ ಚಮಚ ಉಪ್ಪನ್ನು ಬೆಳಿಗ್ಗೆಯೇ ಪುಟ್ಟ ಡಬ್ಬಿಗೆ ಹಾಕಿಡಿ. ರೋಗಿಯ ಅಡುಗೆಗೆ ಇಡೀ ದಿನ ಅಷ್ಟೇ. ವೈದ್ಯರು ಇನ್ನೂ ಕಡಿಮೆ ಹೇಳಿದ್ದರೆ ಅದೇ ಅಂತಿಮ.

ಲೋ ಸೋಡಿಯಂ ಉಪ್ಪು ತರಲೇಬೇಡಿ. ಅದರಲ್ಲಿ ಸೋಡಿಯಂ ಬದಲು ಬೆರೆಸುವುದು ಪೊಟ್ಯಾಸಿಯಂ ಕ್ಲೋರೈಡ್. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸೈಂಧವ ಲವಣವೂ ಬಹುಪಾಲು ಮಾಮೂಲಿ ಉಪ್ಪೇ.

ಬಾಟಲಿ ಸಾಸ್‌ಗಳಲ್ಲಿ ಸೋಯಾ ಸಾಸ್ ಬಗ್ಗೆ ಎಚ್ಚರ: ಒಂದು ಟೇಬಲ್ ಚಮಚಕ್ಕೆ ಸುಮಾರು 900 ಮಿಲಿಗ್ರಾಂ ಸೋಡಿಯಂ. ಲೇಬಲ್ಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಫಾಸ್ಫೇಟ್ ಎಂಬ ಪದ ಕಂಡರೆ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ, ಸೋತ ಕಿಡ್ನಿ ಅದನ್ನೂ ಸರಿಯಾಗಿ ಹೊರಹಾಕಲಾರದು.

ಈಗ ಕಡಿಮೆ ಉಪ್ಪಿನ ಮಾವಿನಕಾಯಿ. ಎಲ್ಲರೂ ಎಡವುವುದು ಸಾಸಿವೆಯಲ್ಲಿ. ಉಪ್ಪು ತಗ್ಗಿದಾಗ ನಾಲಗೆಗೆ ಬೇಕಾದ ಚುರುಕನ್ನು ಕೊಡುವುದು ಅದೇ, ಆದರೆ ಹುರಿದರೆ ಆ ಘಾಟು ಹುಟ್ಟುವುದೇ ಇಲ್ಲ. ಒಂದು ಟೀ ಚಮಚ ಹಸಿ ಸಾಸಿವೆಯನ್ನು ಪುಡಿ ಮಾಡಿ, ಎರಡು ಚಮಚ ತಣ್ಣೀರಿನಲ್ಲಿ ಕಲಸಿ, ಮುಚ್ಚಿ 10 ನಿಮಿಷ ಬಿಡಿ. ಬಿಸಿನೀರು ಹಾಕಿದರೆ ಕಹಿಯಷ್ಟೇ ಉಳಿಯುತ್ತದೆ. ಮುಚ್ಚಳ ತೆರೆದಾಗ ಮೂಗಿಗೆ ಚುರ್ರೆನ್ನಬೇಕು. ಆಗ ಅರ್ಧ ಚಮಚ ನಿಂಬೆರಸ ಹಿಂಡಿ. ಹುಳಿ ಬಿದ್ದ ಮೇಲೆ ಘಾಟು ಬೇಗ ಇಳಿಯದು.

ಸಣ್ಣಗೆ ಹೆಚ್ಚಿದ 100 ಗ್ರಾಂ ಮಾವಿನಕಾಯಿಗೆ ಇದನ್ನೂ ಒಂದು ಚಮಚ ಬ್ಯಾಡಗಿ ಖಾರದ ಪುಡಿಯನ್ನೂ ಬೆರೆಸಿ. ಅಂಗಡಿಯ ಉಪ್ಪಿನಕಾಯಿ ಮಸಾಲೆ ಬೇಡ, ಅದರಲ್ಲೇ ಉಪ್ಪು ಸೇರಿರುತ್ತದೆ. ಇಂಗಿನ ಒಗ್ಗರಣೆಯನ್ನು ಪೂರ್ತಿ ಆರಿಸಿಯೇ ಸುರಿಯಿರಿ. ಇಷ್ಟಕ್ಕೂ ಡಬ್ಬಿಯಿಂದ ಒಟ್ಟು ಕಾಲು ಟೀ ಚಮಚ ಪುಡಿ ಉಪ್ಪು ಸಾಕು, ಆಯಾ ಪಾಲನ್ನು ಬಡಿಸುವ ಮುಂಚೆ ಅದರ ಮೇಲೆ ಚೂರು ಚೂರೇ ಉದುರಿಸಿ. ಮೊದಲೇ ಹಾಕಿದರೆ ಹೋಳಿನೊಳಗೆ ಇಳಿದು ರುಚಿ ಮಂಕಾಗುತ್ತದೆ. ಮೇಲಿದ್ದರೆ ನಾಲಗೆಗೆ ನೇರ ತಾಗುತ್ತದೆ. ಇದನ್ನು ಹತ್ತು ಪಾಲು ಮಾಡಿದರೆ ಪಾಲಿಗೆ ಸುಮಾರು 60 ಮಿಲಿಗ್ರಾಂ ಸೋಡಿಯಂ. ಊಟಕ್ಕೆ ಒಂದೇ ಪಾಲು. ಪೊಟ್ಯಾಸಿಯಂ ಪಥ್ಯವಿದ್ದವರು ಮಾವಿನಕಾಯಿಯ ಬಗ್ಗೆ ಡಯಟೀಷಿಯನ್‌ರನ್ನು ಕೇಳಿಕೊಳ್ಳಿ.

ಕೆಡದಂತೆ ಕಾಯುವಷ್ಟು ಉಪ್ಪು ಇದರಲ್ಲಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ, ಮೂರನೆಯ ದಿನಕ್ಕೆ ಹೊಸದು ಕಲಸಿ.