ದೇವರಿಗೆ ಅಧೀನರಾಗುವುದು: ಶನಿವಾರದ ಬಟವಾಡೆಯಿಂದ ಶುರುಮಾಡಿ

'ನಿನ್ನ ಚಿತ್ತವು ನೆರವೇರಲಿ' ಎಂದು ದಿನಕ್ಕೆ ನಾಲ್ಕು ಸಲ ಹೇಳಿದರೂ ಆ ಮಾತು ಭಾರ ಅನಿಸುವುದಿಲ್ಲ. ಅದನ್ನು ಒಂದು ವಿಷಯದ ಮೇಲೆ ಇಟ್ಟು ನೋಡಿದಾಗಲೇ ಭಾರ ಗೊತ್ತಾಗುವುದು. ಹಾಗಾಗಿ 'ನನ್ನ ಬದುಕನ್ನೇ ಒಪ್ಪಿಸಿದ್ದೇನೆ' ಎಂಬ ದೊಡ್ಡ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಈ ವಾರಕ್ಕೆ ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಅಣ್ಣತಮ್ಮಂದಿರ ಜಾಗದ ಪಾಲು, ಕುಡಿತ, ಕೂಲಿ ಲೆಕ್ಕ, ಯಾವುದಾದರೂ ಆಗಬಹುದು. ಯಾವುದರ ಪ್ರಸ್ತಾಪ ಬಂದ ಕೂಡಲೇ ನಿಮಗೆ ಸಿಟ್ಟು ಬರುತ್ತದೋ, ಸಾಮಾನ್ಯವಾಗಿ ಅದೇ ಸರಿಯಾದ ವಿಷಯ.

ರಾತ್ರಿ ಊಟಕ್ಕೆ ಮೊದಲು 20 ನಿಮಿಷ ಸಾಕು. ಒಂದು ನೋಟ್‌ಬುಕ್, ಒಂದು ಬೈಬಲ್ ಹತ್ತಿರ ಇರಲಿ, ಫೋನ್ ಬೇರೆ ಕೋಣೆಯಲ್ಲಿ. ಮೊದಲ 5 ನಿಮಿಷ ನಿಮಗೇನು ಬೇಕು ಎನ್ನುವುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಬಹಳ ಮಂದಿ ಇದನ್ನೇ ಬಿಟ್ಟುಬಿಡುತ್ತಾರೆ, ಆಸೆ ಹೇಳಿಕೊಳ್ಳುವುದೇ ಅವಿಧೇಯತೆ ಎಂದುಕೊಂಡು. ಮತ್ತಾಯ 26ನೇ ಅಧ್ಯಾಯ ನೋಡಿ: ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಕೇಳಿಕೊಂಡದ್ದು ಆ ಪಾತ್ರೆ, ಎಂದರೆ ಎದುರಿಗಿದ್ದ ಯಾತನೆ, ತನ್ನಿಂದ ದೂರವಾಗಲಿ ಎಂದು. ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಆಮೇಲೆ. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು. ಮನೆಯಲ್ಲಿ ಆಡುವುದು ಕೊಂಕಣಿಯೋ ಮಲಯಾಳವೋ ತಮಿಳೋ ಆಗಿದ್ದರೆ ಈ ಭಾಗ ಆ ಭಾಷೆಯಲ್ಲೇ ಇರಲಿ. ಗ್ರಾಂಥಿಕ ಕನ್ನಡದಲ್ಲಿ ಸುಳ್ಳು ಹೇಳುವುದು ಸುಲಭ.

ಮುಂದಿನ 10 ನಿಮಿಷ ಓದು. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳು ಬಿದ್ದ ಕಡೆ ಉತ್ತರ ಹುಡುಕಬೇಡಿ, ಅದು ಶಕುನ ನೋಡುವ ರೀತಿ. ವಿಷಯಕ್ಕೆ ತಕ್ಕ ಭಾಗವನ್ನು ಎರಡು ಸಲ ನಿಧಾನವಾಗಿ ಓದಿ. ಜಗಳಕ್ಕೆ ಮತ್ತಾಯ 5:23-24, ಹಣದ ಚಿಂತೆಗೆ ಮತ್ತಾಯ 6:25-34, ಕೂಲಿಗೆ ಧರ್ಮೋಪದೇಶಕಾಂಡ 24:14-15 ಮತ್ತು ಯಾಕೋಬ 5:4, ತೂಕಕ್ಕೆ ಜ್ಞಾನೋಕ್ತಿ 11:1. ಕೊನೆಯ 5 ನಿಮಿಷದಲ್ಲಿ ಒಂದೇ ವಾಕ್ಯ ಬರೆಯಿರಿ: ಯಾರಿಗೆ, ಏನು, ಯಾವ ದಿನದೊಳಗೆ. 'ಇನ್ನು ಮುಂದೆ ಪ್ರಾಮಾಣಿಕನಾಗಿರುತ್ತೇನೆ' ಎಂದು ಬರೆದರೆ ಆ ಪುಟ ದಂಡ.

ತೋಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ಸಂಜೆ ಚೀಲ ತೂಗುವಾಗ ಖಾಲಿ ಚೀಲದ ಬಾಬ್ತು ಒಂದಿಷ್ಟು ಕಳೆಯುವುದು ರೂಢಿ. ಆ 'ಒಂದಿಷ್ಟು' ಎಷ್ಟು ಎಂದು ಯಾರೂ ತೂಗಿ ನೋಡಿರುವುದಿಲ್ಲ. ಚೀಲಕ್ಕೆ ಒಂದು ಕಿಲೋ ಹೆಚ್ಚು ಕಳೆದರೂ, 20 ಜನ, ದಿನಕ್ಕೆ ತಲಾ ಎರಡು ಚೀಲ, ಆರು ದಿನ ಎಂದರೆ ವಾರಕ್ಕೆ 240 ಕಿಲೋ ಕೊಯ್ದ ಹಣ್ಣಿಗೆ ಕೂಲಿ ಸಿಗದೆ ಹೋಗುತ್ತದೆ. ಇಲ್ಲಿ ವಿಧೇಯತೆ ಎಂದರೆ ಹೀಗೆ: ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡುವುದು, ಒಣ ಚೀಲವೊಂದನ್ನು, ಮಂಜಿಗೆ ಒದ್ದೆಯಾದ ಚೀಲವೊಂದನ್ನು ಎಲ್ಲರೆದುರು ತೂಗುವುದು, ಬಂದಷ್ಟನ್ನೇ ಕಳೆಯಲು ರೈಟರಿಗೆ (ತೋಟದ ಲೆಕ್ಕ ಬರೆಯುವವರಿಗೆ) ಹೇಳುವುದು, ಹಿಂದೆ ಹೆಚ್ಚು ಕಳೆದದ್ದಿದ್ದರೆ ಶನಿವಾರದ ಬಟವಾಡೆಯಲ್ಲಿ ಸೇರಿಸಿ ಕೊಡುವುದು. ಕೊಯ್ಯುವವರಿಗೂ ಇದೇ ನಿಯಮ. ಚೀಲದ ತಳಕ್ಕೆ ಎಲೆ, ಮಣ್ಣು ಸೇರಿಸುವ ಅಭ್ಯಾಸವಿದ್ದರೆ ಅದನ್ನು ಬಿಡುವುದೇ ಅವರ ಈ ವಾರದ ವಾಕ್ಯ.

ಎಡವಟ್ಟಾಗುವುದು ಬಹುತೇಕ ಎರಡು ಕಡೆ. ಮೊದಲನೆಯದು ಇಸ್ರಾಯೇಲಿನ ಅರಸ ಸೌಲನ ದಾರಿ. 1 ಸಮುವೇಲ 15ರಲ್ಲಿ ಅವನು ದೇವರು ಹೇಳಿದ್ದರಲ್ಲಿ ಮುಕ್ಕಾಲು ಮಾಡಿ, ಕೊಬ್ಬಿದ ಕುರಿದನಗಳನ್ನು ಉಳಿಸಿಕೊಂಡು, ಯಜ್ಞಕ್ಕೆಂದು ಇಟ್ಟಿದ್ದೇವೆ ಅನ್ನುತ್ತಾನೆ. ಕೂಲಿ ಬಾಕಿ ಇಟ್ಟುಕೊಂಡು ಚರ್ಚಿನ ಹಬ್ಬಕ್ಕೆ ದೊಡ್ಡ ಕಾಣಿಕೆ ಬರೆಸುವುದು ಅದೇ ಲೆಕ್ಕ. ಎರಡನೆಯದು, ಮನಸ್ಸಿಗೆ ಸಮಾಧಾನ ಬರಲಿ, ಆಮೇಲೆ ಮಾಡೋಣ ಎಂದು ಕೂರುವುದು. ಮತ್ತಾಯ 21ರ ಇಬ್ಬರು ಮಕ್ಕಳಲ್ಲಿ ಹೋಗುವುದಿಲ್ಲ ಎಂದವನೇ ಕೊನೆಗೆ ತೋಟಕ್ಕೆ ಹೋದ, ತಂದೆಯ ಮಾತು ನಡೆಸಿದವನು ಅವನೇ. ಗೊಣಗುತ್ತಲೇ ಹೋದರೂ ನಡೆಯುತ್ತದೆ.

ಕೈಕಟ್ಟಿ ಕೂರುವುದಕ್ಕೂ ಅಧೀನತೆಗೂ ಸಂಬಂಧವಿಲ್ಲ ಎನ್ನುವುದನ್ನು ಕಾಫಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬರುವುದೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ದಿನಗಳಲ್ಲೇ. ಮಳೆಗೆ ಪ್ರಾರ್ಥಿಸಿ, ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಹಾಕಿ. ಆ 40 ದಿನಗಳಲ್ಲಿ ಉಪವಾಸ ಮಾಡುವವರು ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಊಟದ ಬದಲು ಮಾಂಸವನ್ನೋ ಟೀವಿಯನ್ನೋ ಬಿಟ್ಟರೂ ಆಗುತ್ತದೆ.

ಇನ್ನು ಮನುಷ್ಯರ ಅಧಿಕಾರ. ರೋಮಾಪುರದವರಿಗೆ 13ನೇ ಅಧ್ಯಾಯ ಆಳುವವರಿಗೆ ಅಧೀನರಾಗಿರಿ ಅನ್ನುತ್ತದೆ, ಅಪೊಸ್ತಲರ ಕೃತ್ಯಗಳು 5:29 ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅನ್ನುತ್ತದೆ. ಎರಡನ್ನೂ ಒಟ್ಟಿಗೇ ಹಿಡಿಯಬೇಕು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ಶುರುವಾದದ್ದು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕೊಟ್ಟ ಆಶ್ರಯದಲ್ಲಿ. ಅಲ್ಲಿನ ಕ್ರೈಸ್ತರು ಅರಸನಿಗೆ ಋಣಿಗಳಾಗಿದ್ದರು, ಆರಾಧನೆಯನ್ನು ಮಾತ್ರ ದೇವರಿಗೇ ಸಲ್ಲಿಸಿದರು. ಯಾವ ಬೋಧಕರಾದರೂ 'ದೇವರು ನನಗೆ ಹೇಳಿದ್ದಾರೆ, ನೀವು ಹಣ ಕೊಡಿ, ಯಾರಿಗೂ ಹೇಳಬೇಡಿ' ಎಂದರೆ, ಆ ಗುಟ್ಟಿನ ಷರತ್ತೇ ಎಚ್ಚರಿಕೆಯ ಗಂಟೆ. ಸಭೆಯ ಹಿರಿಯರೆದುರು ಕೇಳಿ. ಅಪೊಸ್ತಲ ಪೌಲನ ಬೋಧನೆಯನ್ನೇ ಬೆರೋಯ ಊರಿನವರು ದಿನವೂ ಗ್ರಂಥ ತೆರೆದು ಪರೀಕ್ಷಿಸಿದ್ದರು.

ಹೆಂಡತಿಗೆ ಎಫೆಸ 5:22 ಓದಿ ಹೇಳುವವರು 21ನೇ ವಚನದಿಂದ ಶುರುಮಾಡಲಿ, ಅಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಹೊಡೆತ ತಿನ್ನುವುದನ್ನು ಯಾವ ವಚನವೂ ವಿಧೇಯತೆ ಅನ್ನುವುದಿಲ್ಲ. ಅಂಥ ಮನೆಯಲ್ಲಿದ್ದವರು ಮೊದಲು ಹೊರಗೆ ಬರಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನೊಬ್ಬರ ನಷ್ಟದ ಎದುರು 'ದೇವರ ಚಿತ್ತ' ಎಂಬ ಮಾತನ್ನು ಬಾಯಿಗೆ ತರಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ಮನೆ ಕಳೆದುಕೊಂಡವರಿಗೆ ಬೇಕಿದ್ದದ್ದು ಕಂಬಳಿ, ಅಕ್ಕಿ, ತಲೆಯ ಮೇಲೊಂದು ಸೂರು. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ವಿವರಣೆ ಕೊಟ್ಟ ಗೆಳೆಯರ ಮೇಲೆ ದೇವರು ಕೋಪಗೊಂಡದ್ದು ಯೋಬನ ಗ್ರಂಥದ 42ನೇ ಅಧ್ಯಾಯದಲ್ಲಿದೆ. ತನ್ನ ವಿಷಯದಲ್ಲಿ ಆ ಮಾತು ಹೇಳಿಕೊಳ್ಳುವ ಹಕ್ಕು ನೊಂದವರದ್ದು.

ಶನಿವಾರ ರಾತ್ರಿ ನೋಟ್‌ಬುಕ್ ತೆರೆದು ಆ ವಾಕ್ಯದ ಪಕ್ಕ 'ಆಯಿತು' ಅಥವಾ 'ಆಗಲಿಲ್ಲ' ಎಂದಷ್ಟೇ ಬರೆಯಿರಿ, ಕಾರಣ ಬೇಡ. ಆಗದಿದ್ದರೆ ಅದೇ ವಾಕ್ಯ, ಮೊದಲಿಗಿಂತ ಹತ್ತಿರದ ದಿನ ಹಾಕಿ. ಮೂರು ವಾರ ಒಂದೇ ವಾಕ್ಯ ಉಳಿದರೆ ಒಬ್ಬರೇ ಎಳೆದಾಡಬೇಡಿ. ಕಥೋಲಿಕರು ಪಾಪನಿವೇದನೆಗೆ ಹೋಗಿ, ಉಳಿದವರು ಸಭಾಪಾಲಕರನ್ನೋ ಗುಟ್ಟು ಬಿಡದ ಹಿರಿಯರೊಬ್ಬರನ್ನೋ ಕಾಣಿ. ಹೋಗುವಾಗ ನೋಟ್‌ಬುಕ್ ಜೊತೆಗಿರಲಿ, ಆ ಪುಟವನ್ನು ಓದಿದರೆ ಸಾಕು.