ಮನವಿ ಕೊಟ್ಟಾಯಿತು, ಮುಂದೆ ಏನು ಮಾಡಬೇಕು?

ಮಳೆ ಜೋರಾದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುತ್ತದೆ. ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ನಾಲ್ಕು ದಿನ ಎಲ್ಲರಿಗೂ ಸಿಟ್ಟು. ಬಿಸಿಲು ಬಂದ ಕೂಡಲೇ ಮಾತು ನಿಲ್ಲುತ್ತದೆ. ಕಚೇರಿಗಳಿಗೂ ಇದು ಗೊತ್ತು. ಜನ ಸುಸ್ತಾಗುವವರೆಗೆ ಕಾದರೆ ಸಾಕು ಎನ್ನುವುದು ಅಲ್ಲಿನ ಹಳೆಯ ಲೆಕ್ಕ. ಆ ಲೆಕ್ಕ ತಪ್ಪಿಸಲು ದೊಡ್ಡ ನಾಯಕರೇ ಬೇಕೆಂದಿಲ್ಲ. ಕಾಗದಗಳನ್ನು ಬಿಡದೆ ಹಿಂಬಾಲಿಸುವ ನಾಲ್ಕೈದು ಮಂದಿ ಸಾಕು.

ಮೊದಲು, ಒಂದೇ ವಿಷಯ ಹಿಡಿಯಿರಿ

ರಸ್ತೆ, ಕಸ, ನೀರು, ಬಸ್ಸು ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡರೆ ಯಾವುದೂ ಮುಗಿಯುವುದಿಲ್ಲ. ನಿಮ್ಮ ವಾರ್ಡಿನ ಒಂದು ತೋಡು (ಮಳೆನೀರು ಹರಿಯುವ ಕಾಲುವೆ), ಒಂದು ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ), ಒಂದು ಬಸ್ ತಂಗುದಾಣ ಸಾಕು. ಅದು ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಕೊಟ್ಟಾರ ಚೌಕಿಯನ್ನೇ ನೋಡಿ. ಅಲ್ಲಿ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 66, ಸುತ್ತಲಿನ ಊರು ಪಾಲಿಕೆಯದ್ದು. ಇಂಥ ಜಾಗದಲ್ಲಿ "ಇದು ನಮಗೆ ಬರುವುದಿಲ್ಲ" ಎಂಬ ಉತ್ತರ ಎರಡೂ ಕಡೆಯಿಂದ ಬರಬಹುದು.

ಮನವಿ ಕೊಟ್ಟ ಫೋಟೊ ಸಾಲದು

ಅಧಿಕಾರಿಗೆ ಮನವಿ ಕೊಡುವ ಫೋಟೊ ಪತ್ರಿಕೆಯಲ್ಲಿ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಜಾಸ್ತಿ. ಕೆಲಸ ಶುರುವಾಗುವುದೇ ಆಮೇಲೆ. ಮನವಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಆ ಸಂಖ್ಯೆ ಇಲ್ಲದಿದ್ದರೆ ಮುಂದೆ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಓಡಾಡಲು ಆಗದವರು 1902 ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲೂ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಾಲಿಕೆಯಲ್ಲೋ ಪಂಚಾಯತ್‌ನಲ್ಲೋ ಚುನಾಯಿತ ಸದಸ್ಯರಿಲ್ಲದ ಹೊತ್ತಿನಲ್ಲಿ ಆಡಳಿತಾಧಿಕಾರಿಯ ಹೆಸರಿಗೇ ಬರೆಯಿರಿ. ಸದಸ್ಯರಿಲ್ಲ ಎಂದು ಸುಮ್ನೆ ಕೂರಬೇಕಾಗಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು

2005ರ ಮಾಹಿತಿ ಹಕ್ಕು ಕಾಯ್ದೆಯಷ್ಟು ಗಟ್ಟಿಯಾದ ಆಯುಧ ಸಾಮಾನ್ಯ ಜನರ ಕೈಯಲ್ಲಿ ಬೇರೊಂದಿಲ್ಲ ಎಂಬುದು ನನ್ನ ನಂಬಿಕೆ. ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಸಾಕು. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು.

"ತೋಡು ಯಾಕೆ ರಿಪೇರಿ ಮಾಡಿಲ್ಲ?" ಎಂದು ಕೇಳಬೇಡಿ. ಕಾರಣ ವಿವರಿಸುವುದು ನಮ್ಮ ಕೆಲಸವಲ್ಲ ಎಂದು ಹಿಂಬರಹ ಬಂದೀತು. ದಾಖಲೆಯ ಪ್ರತಿ ಕೇಳಿ: ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ (ಕೆಲಸ ಶುರುಮಾಡಲು ಗುತ್ತಿಗೆದಾರರಿಗೆ ಕೊಟ್ಟ ಆದೇಶ), ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲು. ನೀವು ಕೊಟ್ಟ ಮನವಿಯ ಸ್ವೀಕೃತಿ ಸಂಖ್ಯೆ ಬರೆದು, ಅದರ ಮೇಲೆ ಆದ ಟಿಪ್ಪಣಿಗಳನ್ನೂ ಕೇಳಬಹುದು.

ಅರ್ಜಿ ತಪ್ಪು ಕಚೇರಿಗೆ ಹೋದರೂ ಹೆದರಬೇಡಿ. ಕಾಯ್ದೆಯ 6(3)ನೇ ಕಲಂ ಪ್ರಕಾರ ಅದನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರದೇ ಜವಾಬ್ದಾರಿ. "ನಮಗೆ ಬರುವುದಿಲ್ಲ" ಎಂಬ ಮಾತಿಗೆ ಇದು ಒಳ್ಳೆಯ ಮದ್ದು. ಹಾಗಾದರೆ ಯಾರಿಗೆ ಬರುತ್ತದೆ ಎಂದು ಅವರೇ ಬರೆದು ತಿಳಿಸಬೇಕಾಗುತ್ತದೆ. 30 ದಿನದೊಳಗೆ ಉತ್ತರ ಸಿಗಬೇಕು. ಸಿಗದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಬರಲು ತುಂಬಾ ಕಾಯಬೇಕಾದೀತು. ಆದರೆ ಎಷ್ಟೋ ಸಲ ಮೇಲ್ಮನವಿ ಹೋದ ಕೂಡಲೇ ಕಡತ ಅಲುಗಾಡುತ್ತದೆ.

ಸಭೆಗೆ ಹೋಗಿ, ಬರೆಸಿಕೊಂಡು ಬನ್ನಿ

ಗ್ರಾಮ ಪಂಚಾಯತ್ ವ್ಯಾಪ್ತಿಯವರಿಗೆ ಗ್ರಾಮಸಭೆ ಇದೆ. ಅದಕ್ಕೂ ಮೊದಲು ವಾರ್ಡ್ ಸಭೆ. ಗ್ರಾಮಸಭೆಯಲ್ಲಿ ಜೋರು ಮಾತಾಡುವವರು ಬೇಕಷ್ಟು ಇರುತ್ತಾರೆ. ಆಡಿದ ಮಾತು ನಿರ್ಣಯವಾಗಿ ದಾಖಲಾಯಿತೇ ಎಂದು ನೋಡುವವರು ಕಮ್ಮಿ. ಸಭೆ ಮುಗಿಯುವ ಮೊದಲೇ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಬಳಿ ಅದನ್ನು ಓದಿಸಿ ಕೇಳಿ. ಕರೆಂಟಿನ ಮೆಸ್ಕಾಂನವರೋ ಅರಣ್ಯ ಇಲಾಖೆಯವರೋ ಬಂದಿರದಿದ್ದರೆ ಅದನ್ನೂ ಬರೆಸಿ.

ಊರಿಗೆ ದೊಡ್ಡ ಕೈಗಾರಿಕೆ ಬರುವುದಾದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಬಹುತೇಕ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಒಳಪುಟದ ಸಣ್ಣ ಅಕ್ಷರದ ಆ ಜಾಹೀರಾತು ಓದುವ ಕೆಲಸವನ್ನು ನಿಮ್ಮಲ್ಲೊಬ್ಬರು ವಹಿಸಿಕೊಳ್ಳಲಿ. ಯೋಜನೆಯ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಉಡುಪಿಯವರಾದರೆ ಮಣಿಪಾಲದ ರಜತಾದ್ರಿಗೆ ಹೋಗಬೇಕು. ನಿಮ್ಮ ಬಾವಿ, ಗದ್ದೆ, ಹೊಳೆಯ ಬಗ್ಗೆ ಅದರಲ್ಲಿ ಏನು ಬರೆದಿದ್ದಾರೆ ಎಂದು ಹುಡುಕಿ. ತಪ್ಪಿದ್ದರೆ ಪುಟ ಸಂಖ್ಯೆ ಸಮೇತ ಲಿಖಿತ ಆಕ್ಷೇಪಣೆ ಕೊಡಿ. ಗದ್ದಲದಲ್ಲಿ ಮಾತು ಕಳೆದುಹೋದರೂ ಲಿಖಿತ ಆಕ್ಷೇಪಣೆ ದಾಖಲೆಯಾಗಿ ಉಳಿಯುತ್ತದೆ.

ಶಾಸಕರಿಂದ ಭರವಸೆ ಕೇಳುವುದಕ್ಕಿಂತ ಒಂದು ಪ್ರಶ್ನೆ ಕೇಳಿಸಿ. ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿದರೂ ಸಚಿವರ ಲಿಖಿತ ಉತ್ತರ ಬರುತ್ತದೆ.

ಒಬ್ಬರೇ ಹೊರಬೇಡಿ

ಮಂಗಳೂರು ಬಳಿಯ ಸುರತ್ಕಲ್ ಟೋಲ್‌ಗೇಟ್ ನೆನಪಿದೆ ಅಲ್ವಾ? ವರ್ಷಗಟ್ಟಲೆ ಮನವಿ, ಪ್ರತಿಭಟನೆ ನಡೆದವು. 2022ರ ಅಕ್ಟೋಬರ್ ಕೊನೆಗೆ ಹಗಲು-ರಾತ್ರಿ ಧರಣಿ ಶುರುವಾಯಿತು. ಡಿಸೆಂಬರ್ 1ರಿಂದ ಅಲ್ಲಿ ಟೋಲ್ ವಸೂಲಿ ನಿಂತಿತು. ಅಷ್ಟು ಕಾಲ ಒಬ್ಬರಿಂದ ನಿಲ್ಲಲಾಗುವುದಿಲ್ಲ.

ನಮ್ಮ ಊರುಗಳಲ್ಲಿ ಯುವಕ ಮಂಡಲ, ಮಹಿಳಾ ಮಂಡಲ, ಚರ್ಚ್‌ನ ವಾಳೆ (ವಾರ್ಡ್ ಗುಂಪು), ಮಸೀದಿಯ ಜಮಾತ್ ಎಲ್ಲ ಈಗಾಗಲೇ ಇವೆ. ಹೊಸ ಸಂಘ ಕಟ್ಟುವ ಬದಲು ಇವರನ್ನೇ ಸೇರಿಸಿ. ತೋಡಿನ ನೀರು ಎಲ್ಲರ ಅಂಗಳಕ್ಕೂ ಬರುತ್ತದೆ, ಪಕ್ಷ ಕೇಳುವುದಿಲ್ಲ. ಒಬ್ಬರು ಬರೆಯಲಿ, ಒಬ್ಬರು ಕಚೇರಿಗೆ ಹೋಗಲಿ, ಒಬ್ಬರು ತಾರೀಕು ಸಮೇತ ಫೋಟೊ ತೆಗೆಯಲಿ. ಕೂಲಿ ಬಿಟ್ಟು ಹೋಗುವವರ ಬಸ್ ಖರ್ಚನ್ನು ಉಳಿದವರು ಹಂಚಿಕೊಳ್ಳಲಿ. ಎಲ್ಲ ಕಾಗದಗಳೂ ಒಂದೇ ಫೈಲಿನಲ್ಲಿರಲಿ, ಮೊದಲ ಪುಟದಲ್ಲಿ ಮುಂದಿನ ಗಡುವಿನ ತಾರೀಕು ಬರೆದಿರಲಿ. ದಣಿದವರು ಫೈಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಲಿ.

ತೋಡಿನ ಹೂಳೆತ್ತುವ ವಿಚಾರವಾದರೆ ಜೂನ್‌ವರೆಗೆ ಕಾಯಬೇಡಿ. ಮಾರ್ಚ್‌ನಲ್ಲೇ ಮನವಿ ಕೊಡಿ. ಏಪ್ರಿಲ್‌ನಲ್ಲಿ ಕಾರ್ಯಾದೇಶ ಆಗಿದೆಯೇ ಎಂದು ಕೇಳಿ. ಮೇ ಕೊನೆಯೊಳಗೆ ಸ್ಥಳಕ್ಕೆ ಹೋಗಿ ಫೋಟೊ ತೆಗೆಯಿರಿ. ತೆಗೆದ ಹೂಳನ್ನು ದಂಡೆಯಲ್ಲೇ ರಾಶಿ ಹಾಕಿದ್ದರೆ ಮೊದಲ ಮಳೆಗೆ ಅದು ಮತ್ತೆ ತೋಡಿಗೇ ಇಳಿಯುತ್ತದೆ. ಅದನ್ನು ಸಾಗಿಸಿದ ಮೇಲೆಯೇ ಬಿಲ್ಲು ಪಾವತಿಸಿ ಎಂದು ಎಂಜಿನಿಯರರಿಗೆ ಬರೆದು ಕೊಡಿ.